ಬಿಳಿ ಪುಟ ಕಂಡರೆ ಕಂಗಾಲಾಗಬೇಡಿ



ಹಾಲು ಒಡೆದರೆ ಹಾಲಿನವನನ್ನು ಬೈಯುತ್ತೇವೆ. ದೋಸೆ ಅಂಟಿಕೊಂಡರೆ ಕಾವಲಿಯನ್ನು ಬೈಯುತ್ತೇವೆ. ಆದರೆ ಗಣಕಯಂತ್ರದ ಮುಂದೆ ಕೂತಾಗ ಏನಾದರೂ ಕೆಟ್ಟರೆ ಮಾತ್ರ ನಮ್ಮನ್ನೇ ಬೈದುಕೊಳ್ಳುತ್ತೇವೆ. "ನನ್ನ ತಲೆಗೆ ಇದೆಲ್ಲ ಹತ್ತೋದಿಲ್ಲ ಬಿಡಿ" ಎನ್ನುತ್ತೇವೆ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಇದೇ ಧಾಟಿಯವು.

ಮದುವೆ, ಮಕ್ಕಳು ಎಂದು ಎಂಟು ವರ್ಷ ಕೆಲಸ ಬಿಟ್ಟಿದ್ದ ಒಬ್ಬ ಸೋದರಿ ಮತ್ತೆ ಕೆಲಸಕ್ಕೆ ಹೋಗಬೇಕೆಂದು ಪಿಎಚ್‌ಪಿ ಕಲಿಯುತ್ತಿದ್ದಾರೆ. ಇನ್ನೊಬ್ಬರು ಮನೆಯಲ್ಲೇ ಚಟ್ನಿಪುಡಿ, ಹಪ್ಪಳ ಮಾಡಿ ಮಾರುವವರು; ಆರ್ಡರ್ ಬರೆದುಕೊಳ್ಳಲು ಒಂದು ಪುಟ ಮಾಡುತ್ತಿದ್ದಾರೆ. ಮೂರನೆಯವರ ಪತ್ರ ಓದಿ ಎದೆ ಧಸಕ್ಕೆಂದಿತು. ಸ್ವಸಹಾಯ ಸಂಘದ ಇಪ್ಪತ್ತು ಹೆಂಗಸರ ಉಳಿತಾಯ, ಸಾಲ, ಕಂತಿನ ಲೆಕ್ಕವನ್ನೆಲ್ಲ ತಾವೇ ಬರೆದ ಪುಟದಲ್ಲಿ ಇಟ್ಟಿದ್ದಾರೆ. ಒಂದು ಬೆಳಿಗ್ಗೆ ಮೈಎಸ್‌ಕ್ಯೂಎಲ್ ಶುರುವಾಗಲೇ ಇಲ್ಲ. "ಎಲ್ಲಾ ತೆಗೆದು ಹೊಸದಾಗಿ ಹಾಕಿದರೆ ಸರಿಹೋಗುತ್ತೆ ಅಂತ ಪಕ್ಕದ ಮನೆ ಹುಡುಗ ಹೇಳ್ತಾನೆ, ಹಾಕಲಾ?" ಎಂದು ಕೇಳಿದ್ದಾರೆ.

ಬೇಡಮ್ಮ, ಬೇಡ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾದೀತು. ಈ ಪುಟ ಕೊನೆಯವರೆಗೆ ಓದುವ ತನಕ ಯಾವುದನ್ನೂ ಅಳಿಸಬೇಡಿ.

ಒಳಗೆ ನಡೆಯುವುದೇನು?

ಒಂದು ಉಡುಪಿ ಹೋಟೆಲನ್ನು ನೆನೆಸಿಕೊಳ್ಳಿ. ಗಿರಾಕಿ ಅಡುಗೆಮನೆಗೆ ನುಗ್ಗುವುದಿಲ್ಲ. ಮಾಣಿಗೆ ಹೇಳುತ್ತಾನೆ. ಮಾಣಿ ಒಳಗೆ ಭಟ್ಟರಿಗೆ ಹೇಳುತ್ತಾನೆ. ಭಟ್ಟರು ಉಗ್ರಾಣದಿಂದ ಸಾಮಾನು ತೆಗೆಸಿ ತಯಾರಿಸಿ ಕೊಡುತ್ತಾರೆ. ಗಿರಾಕಿಗೆ ಕಾಣುವುದು ತಟ್ಟೆಯಲ್ಲಿನ ದೋಸೆ ಮಾತ್ರ.

ಇಲ್ಲಿ ಗಿರಾಕಿ ಎಂದರೆ ನಿಮ್ಮ ಬ್ರೌಸರ್. ಮಾಣಿ ಎಂದರೆ ಅಪಾಚೆ ಎಂಬ ವೆಬ್ ಸರ್ವರ್. ಭಟ್ಟರು ಪಿಎಚ್‌ಪಿ. ಉಗ್ರಾಣವೇ ಮೈಎಸ್‌ಕ್ಯೂಎಲ್. ಈ ನಾಲ್ವರಲ್ಲಿ ಯಾರು ಕೈಕೊಟ್ಟರು ಎಂದು ತಿಳಿದರೆ ಅರ್ಧ ರೋಗ ವಾಸಿಯಾದಂತೆ. ಅದು ಬಿಟ್ಟು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾ ಕೂತರೆ ಸಂಜೆಯಾಗುತ್ತದೆ, ಅಷ್ಟೇ.

ಈ ಭಟ್ಟರ ಹಿನ್ನೆಲೆ ಎರಡೇ ಮಾತಿನಲ್ಲಿ: ರಾಸ್ಮಸ್ ಲೆರ್ಡಾರ್ಫ್ ಎಂಬಾತ ತನ್ನ ಸ್ವಂತ ಪುಟವನ್ನು ಯಾರು ಯಾರು ನೋಡುತ್ತಾರೆಂದು ತಿಳಿಯಲು 1994ರಲ್ಲಿ ಬರೆದುಕೊಂಡ ಸಣ್ಣ ಸಲಕರಣೆಯೇ ಬೆಳೆದು ಪಿಎಚ್‌ಪಿ ಆಯಿತು. ಮನೆಬಳಕೆಗೆ ಮಾಡಿದ್ದು ಲೋಕಕ್ಕೆಲ್ಲ ಆಯಿತು ನೋಡಿ! ಉಗ್ರಾಣದ ಕಥೆ ಇನ್ನೂ ಸೊಗಸು. ಮೈಕೆಲ್ ವಿಡೇನಿಯಸ್ ತನ್ನ ಮಗಳು 'ಮೈ'ಯ ಹೆಸರನ್ನು ಮೈಎಸ್‌ಕ್ಯೂಎಲ್‌ಗೆ ಇಟ್ಟ. ಆಮೇಲೆ ಅದರಿಂದ ಕವಲೊಡೆದ ಮರಿಯಾಡಿಬಿಗೆ ಕಿರಿಯ ಮಗಳು ಮರಿಯಾಳ ಹೆಸರಿಟ್ಟ.

ಬೇಕಾಗುವ ಸಾಮಾನು

ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಮಾಣಿ, ಭಟ್ಟರು, ಉಗ್ರಾಣ ಮೂರನ್ನೂ ಒಟ್ಟಿಗೆ ಕಟ್ಟಿ ಕೊಡುವ ಎಕ್ಸಾಂಪ್ ಎಂಬ ಗಂಟು ಉಚಿತವಾಗಿ ಸಿಗುತ್ತದೆ. 2015ರಿಂದ ಈ ಗಂಟಿನೊಳಗಿನ ಉಗ್ರಾಣ ಮರಿಯಾಡಿಬಿ. ಆದರೆ ಗುಂಡಿಯ ಪಕ್ಕದಲ್ಲಿ ಇವತ್ತಿಗೂ ಮೈಎಸ್‌ಕ್ಯೂಎಲ್ ಎಂದೇ ಬರೆದಿರುತ್ತದೆ. ಗೊಂದಲ ಬೇಡ.

ಹಾಕಿಕೊಂಡ ಮೇಲೆ ಅದರ ಕಂಟ್ರೋಲ್ ಪ್ಯಾನೆಲ್ ತೆರೆದು ಅಪಾಚೆಯ ಮುಂದಿನ ಸ್ಟಾರ್ಟ್ ಒತ್ತಿ. ಹೆಸರಿನ ಹಿಂದೆ ಹಸಿರು ಬಣ್ಣ ಬಂದರೆ ಒಲೆ ಹತ್ತಿತೆಂದು ಅರ್ಥ. ಈಗ ಬ್ರೌಸರಿನಲ್ಲಿ 'ಲೋಕಲ್‌ಹೋಸ್ಟ್' ಎಂದು ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿ. ಎಕ್ಸಾಂಪಿನ ಸ್ವಾಗತ ಪುಟ ಬರಬೇಕು. ಲೋಕಲ್‌ಹೋಸ್ಟ್ ಎಂದರೆ 'ಈ ಮನೆ' ಎಂದಷ್ಟೇ ಅರ್ಥ. ಆ ವಿಳಾಸವನ್ನು ಮೈಸೂರಿನ ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದರೆ ಅವರ ಯಂತ್ರ ಅವರ ಮನೆಯಲ್ಲೇ ಹುಡುಕುತ್ತದೆ, ನಿಮ್ಮ ಮನೆಯಲ್ಲಲ್ಲ. ಅಕ್ಕನಿಗೆ ಏನೂ ಕಾಣದಿದ್ದರೆ ನಿಮ್ಮ ಕೆಲಸ ಕೆಟ್ಟಿದೆ ಎಂದಲ್ಲ.

ಇನ್ನು ಒಂದೊಂದೇ ದೂರು, ಒಂದೊಂದೇ ಪರಿಹಾರ.

1. ಅಪಾಚೆ ಶುರುವಾಗುವುದೇ ಇಲ್ಲ

ಮಾಣಿ ನಿಲ್ಲುವ ಬಾಗಿಲಿಗೆ ಪೋರ್ಟ್ ಎನ್ನುತ್ತಾರೆ. ಅಪಾಚೆಯ ಬಾಗಿಲು 80ನೆಯ ನಂಬರಿನದು. ಅಲ್ಲಿ ಬೇರೆ ಯಾರೋ ಮೊದಲೇ ನಿಂತಿದ್ದರೆ ಇವನಿಗೆ ಜಾಗವಿಲ್ಲ. ಹಳೆಯ ಪುಸ್ತಕಗಳಲ್ಲಿ "ಸ್ಕೈಪ್ ಮುಚ್ಚಿ" ಎಂದಿರುತ್ತದೆ. ಆ ಸ್ಕೈಪೇ 2025ರ ಮೇ ತಿಂಗಳಲ್ಲಿ ನಿಂತುಹೋಯಿತು. ಈಗ ಸಾಮಾನ್ಯವಾಗಿ ಅಡ್ಡ ನಿಲ್ಲುವುದು ವಿಂಡೋಸಿನದೇ ಆದ ಐಐಎಸ್ ಎಂಬ ಇನ್ನೊಂದು ವೆಬ್ ಸರ್ವರ್. ಪ್ಯಾನೆಲಿನಲ್ಲಿ ನೆಟ್‌ಸ್ಟಾಟ್ ಗುಂಡಿ ಒತ್ತಿದರೆ ಯಾವ ಬಾಗಿಲಲ್ಲಿ ಯಾರಿದ್ದಾರೆಂದು ಪಟ್ಟಿ ಬರುತ್ತದೆ.

ಜಗಳವಾಡುವುದಕ್ಕಿಂತ ಬಾಗಿಲು ಬದಲಿಸುವುದು ಸುಲಭ. ಅಪಾಚೆಯ ಕಾನ್ಫಿಗ್ ಗುಂಡಿಯಲ್ಲಿ ಮೊದಲ ಕಡತ ತೆರೆದು 'ಲಿಸನ್ 80' ಎಂದಿರುವುದನ್ನು 'ಲಿಸನ್ 8080' ಮಾಡಿ. ಅದೇ ಕಡತದಲ್ಲಿ ಲೋಕಲ್‌ಹೋಸ್ಟ್ ಮುಂದಿನ 80ನ್ನೂ 8080 ಮಾಡಿ, ಉಳಿಸಿ, ಮತ್ತೆ ಸ್ಟಾರ್ಟ್ ಒತ್ತಿ. ಇನ್ನು ಮೇಲೆ ವಿಳಾಸ ಬರೆಯುವಾಗ ಲೋಕಲ್‌ಹೋಸ್ಟ್ ಆದ ಮೇಲೆ ಎರಡು ಚುಕ್ಕೆ ಇಟ್ಟು 8080 ಸೇರಿಸಬೇಕು. ಇದನ್ನು ಮರೆತು "ಈಗಲೂ ಬರ್ತಿಲ್ಲ" ಎನ್ನುವವರೇ ಹೆಚ್ಚು.

2. ಬರೆದ ಕೋಡೇ ಪುಟದ ಮೇಲೆ ಕಾಣುತ್ತದೆ

ಅಕ್ಕಿ, ಉದ್ದಿನಬೇಳೆಯನ್ನೇ ತಟ್ಟೆಗೆ ಹಾಕಿ ಕೊಟ್ಟಂತೆ! ಪದಾರ್ಥ ಭಟ್ಟರ ಕೈಗೆ ಹೋಗಿಯೇ ಇಲ್ಲ. ವಿಳಾಸದ ಸಾಲನ್ನು ನೋಡಿ. ಅದು 'ಫೈಲ್' ಎಂದು ಶುರುವಾಗಿದ್ದರೆ ನೀವು ಕಡತವನ್ನು ನೇರವಾಗಿ ತೆರೆದಿದ್ದೀರಿ. ಹಾಗೆ ಮಾಡಬಾರದು. ಎಕ್ಸಾಂಪ್ ಫೋಲ್ಡರಿನೊಳಗೆ ಎಚ್‌ಟಿಡಾಕ್ಸ್ ಎಂಬ ಫೋಲ್ಡರ್ ಇದೆ. ನಿಮ್ಮ ಕಡತ ಅಲ್ಲಿರಬೇಕು, ಲೋಕಲ್‌ಹೋಸ್ಟ್ ಮೂಲಕವೇ ಅದನ್ನು ಕರೆಯಬೇಕು.

ಅಲ್ಲಿದ್ದರೂ ಹೀಗೇ ಆದರೆ ಕಡತದ ಬಾಲ ನೋಡಿ. ನೋಟ್‌ಪ್ಯಾಡಿನಲ್ಲಿ ಬರೆದಾಗ 'ಡಾಟ್ ಪಿಎಚ್‌ಪಿ' ಹಿಂದೆ ಗುಟ್ಟಾಗಿ 'ಡಾಟ್ ಟಿಎಕ್ಸ್‌ಟಿ' ಅಂಟಿಕೊಂಡಿರುತ್ತದೆ. ವಿಂಡೋಸ್ ಆ ಬಾಲವನ್ನು ಬಚ್ಚಿಡುತ್ತದೆ. ಫೋಲ್ಡರಿನ 'ವ್ಯೂ' ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬಲ್ಲಿ ಗುರುತು ಹಾಕಿದರೆ ಬಯಲಾಗುತ್ತದೆ.

3. 'ಪಾರ್ಸ್ ಎರರ್, ಲೈನ್ 12' ಎನ್ನುತ್ತದೆ. 12ನೆಯ ಸಾಲು ಸರಿಯಾಗಿದೆ!

ಹೌದು, 11ನೆಯ ಸಾಲು ನೋಡಿ. ಅಲ್ಲಿ ಕೊನೆಯ ಅರ್ಧವಿರಾಮ ಬಿಟ್ಟುಹೋಗಿರುತ್ತದೆ. ಭಟ್ಟರು ಅರ್ಧವಿರಾಮ ಸಿಗುವ ತನಕ ಓದುತ್ತಲೇ ಹೋಗುತ್ತಾರೆ. ಮುಂದಿನ ಸಾಲಿನಲ್ಲಿ ಹೊಂದಿಕೆಯಾಗದ ಮಾತು ಬಂದಾಗಲೇ ಮುಗ್ಗರಿಸಿ ಕೂಗುತ್ತಾರೆ. ಕೂಗಿದ ಜಾಗ ಬೇರೆ, ಎಡವಿದ ಕಲ್ಲು ಬೇರೆ.

ಇನ್ನೊಂದು ಕಳ್ಳ ಉದ್ಧರಣ ಚಿಹ್ನೆ. ವಾಟ್ಸಾಪಿನಿಂದಲೋ ವರ್ಡಿನಿಂದಲೋ ಕೋಡ್ ನಕಲು ಮಾಡಿದರೆ ನೆಟ್ಟಗಿನ ಚಿಹ್ನೆಯ ಬದಲು ಬಾಗಿದ ಚಿಹ್ನೆ ಬರಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ, ಪಿಎಚ್‌ಪಿಗೆ ಅಲ್ಲ. ಅಳಿಸಿ ಕೈಯಾರೆ ಬರೆಯಿರಿ.

4. ಏನೂ ಇಲ್ಲ, ಬರೀ ಬಿಳಿ ಪುಟ

ಇದೇ ಎಲ್ಲರನ್ನೂ ಅಳಿಸುವುದು. ಬೈದರೆ ಸಹಿಸಬಹುದು, ಮೌನ ಸಹಿಸುವುದು ಕಷ್ಟ, ಅಲ್ಲವೇ? ಆದರೆ ಯಂತ್ರ ಮೌನವಾಗಿಲ್ಲ. ದೂರನ್ನು ಡೈರಿಯಲ್ಲಿ ಬರೆದಿಟ್ಟಿರುತ್ತದೆ. ಪ್ಯಾನೆಲಿನಲ್ಲಿ ಅಪಾಚೆ ಮುಂದಿನ ಲಾಗ್ಸ್ ಗುಂಡಿ ಒತ್ತಿ ಎರರ್ ಲಾಗ್ ತೆರೆಯಿರಿ. ತೀರ ಕೆಳಗಿನ ಸಾಲೇ ಈಗಿನ ದೂರು.

ದೂರು ಪುಟದ ಮೇಲೆಯೇ ಬರಬೇಕೆಂದರೆ ಕಾನ್ಫಿಗ್‌ನಲ್ಲಿ ಪಿಎಚ್‌ಪಿಯ 'ಐಎನ್‌ಐ' ಕಡತ ತೆರೆದು 'ಡಿಸ್‌ಪ್ಲೇ ಎರರ್ಸ್' ಎಂಬುದನ್ನು 'ಆನ್' ಮಾಡಿ, ಅಪಾಚೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿ. ನಿಲ್ಲಿಸಿ ಶುರು ಮಾಡದಿದ್ದರೆ ಬದಲಾವಣೆ ಹತ್ತುವುದಿಲ್ಲ. ಇದು ಕಲಿಯುವಾಗ ಮಾತ್ರ. ಪುಟ ಊರಿಗೆಲ್ಲ ತೆರೆದಾಗ 'ಆಫ್' ಇರಬೇಕು. ಮನೆ ಜಗಳ ಬೀದಿಗೆ ಯಾಕೆ?

5. ಫಾರಂ ತುಂಬಿದರೂ ಹೆಸರು ಬರುವುದಿಲ್ಲ

'ಅನ್‌ಡಿಫೈನ್ಡ್ ಅರೇ ಕೀ' ಎಂದು ಬಂದರೆ ಫಾರಮಿನ ಆ ಖಾನೆಗೆ ನೀವು ಇಟ್ಟ ಹೆಸರಿಗೂ ಕೋಡಿನಲ್ಲಿ ಕೇಳಿದ ಹೆಸರಿಗೂ ಹೊಂದಿಕೆಯಿಲ್ಲ. ಖಾನೆಗೆ ಐಡಿ ಕೊಟ್ಟು 'ನೇಮ್' ಕೊಡದೆ ಇರುವುದು ಸಾಮಾನ್ಯ ತಪ್ಪು. ಫಾರಂ 'ಪೋಸ್ಟ್' ಎಂದು ಕಳಿಸಿ ನೀವು 'ಗೆಟ್' ಎಂದು ಹುಡುಕಿದರೂ ಅಷ್ಟೇ. ಡಾಲರ್ ಗುರುತಿನ ಹೆಸರುಗಳಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ ಎಂಬುದೂ ನೆನಪಿರಲಿ.

ಹಳೆಯ ಪುಸ್ತಕ ನೋಡಿ ಕಲಿಯುವವರಿಗೆ ಇನ್ನೊಂದು ಮಾತು. 'ಮೈಎಸ್‌ಕ್ಯೂಎಲ್ ಕನೆಕ್ಟ್' ಎಂಬ ಆಜ್ಞೆಯನ್ನು 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ. ಈಗ 'ಮೈಎಸ್‌ಕ್ಯೂಎಲ್‌ಐ' ಅಥವಾ 'ಪಿಡಿಓ' ಬಳಸಬೇಕು. ಪುಸ್ತಕ ಹಳೆಯದು, ನೀವು ದಡ್ಡರಲ್ಲ.

6. ಕನ್ನಡ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆ

ಚಟ್ನಿಪುಡಿ ಸೋದರಿಯ ತೊಂದರೆ ಇದು. ಗಿರಾಕಿಗಳ ಹೆಸರೆಲ್ಲ '????' ಆಗಿದೆಯಂತೆ. ಕನ್ನಡ ಮೂರು ಹೊಸ್ತಿಲು ದಾಟಬೇಕು: ಪುಟ, ಸಂಪರ್ಕ, ಕೋಷ್ಟಕ. ಪುಟದ ತಲೆಯಲ್ಲಿ ಕ್ಯಾರೆಕ್ಟರ್ ಸೆಟ್ 'ಯುಟಿಎಫ್-8' ಎಂದಿರಬೇಕು. ಉಗ್ರಾಣಕ್ಕೆ ಸಂಪರ್ಕ ಮಾಡಿದ ಮರುಸಾಲಿನಲ್ಲೇ 'ಸೆಟ್ ಕ್ಯಾರ್‌ಸೆಟ್' ಆಜ್ಞೆಯಿಂದ 'ಯುಟಿಎಫ್8ಎಂಬಿ4' ಎಂದು ಹೇಳಬೇಕು. ಕೋಷ್ಟಕವೂ 'ಯುಟಿಎಫ್8ಎಂಬಿ4' ಆಗಿರಬೇಕು. ಒಂದು ಹೊಸ್ತಿಲಲ್ಲಿ ಎಡವಿದರೂ ಅಕ್ಷರ ಕೆಡುತ್ತದೆ.

ಇಲ್ಲಿ ಎರಡು ಬಗೆ ಇದೆ. ಕೊಂಬು ಬಾಲಗಳಿರುವ ವಿಚಿತ್ರ ಇಂಗ್ಲಿಷ್ ಅಕ್ಷರ ಕಂಡರೆ ಬಹಳ ಸಲ ಒಳಗೆ ಕನ್ನಡ ಭದ್ರವಾಗಿಯೇ ಇರುತ್ತದೆ; ತೋರಿಸುವ ರೀತಿ ಸರಿಪಡಿಸಿದರೆ ಸಾಕು. ಆದರೆ ಉಗ್ರಾಣದೊಳಗೇ ಪ್ರಶ್ನಾರ್ಥಕ ಚಿಹ್ನೆ ಹೋಗಿ ಕೂತಿದ್ದರೆ ಮೂಲ ಅಕ್ಷರ ಹೋದಂತೆಯೇ. ತಂಗೀ, ಆ ಹೆಸರುಗಳನ್ನು ಮತ್ತೆ ಬರೆಯಲೇಬೇಕು. ಅದಕ್ಕೇ ಹೇಳುವುದು, ನೂರು ಹೆಸರು ತುಂಬುವ ಮೊದಲು ಒಂದು ಹೆಸರು ತುಂಬಿ ನೋಡಿ. ಪಾಕ ಬಂತೇ ಎಂದು ಒಂದು ತೊಟ್ಟು ನೀರಿಗೆ ಬಿಟ್ಟು ನೋಡುವುದಿಲ್ಲವೇ?

ಇನ್ನೊಂದು ಸ್ವಾರಸ್ಯ. 'ಕನ್ನಡ' ಎಂಬ ಪದದ ಉದ್ದ ಎಷ್ಟೆಂದು 'ಎಸ್‌ಟಿಆರ್‌ಲೆನ್' ಆಜ್ಞೆಯಿಂದ ಕೇಳಿದರೆ 15 ಎನ್ನುತ್ತದೆ! ಅದು ಎಣಿಸುವುದು ಅಕ್ಷರವನ್ನಲ್ಲ, ಬೈಟುಗಳನ್ನು. ಕ, ನ, ಹಲಂತ, ನ, ಡ, ಹೀಗೆ ಐದು ಘಟಕ, ತಲಾ ಮೂರು ಬೈಟು. 'ಎಂಬಿ' ಎಂದು ಶುರುವಾಗುವ ಆಜ್ಞೆ ಬಳಸಿದರೆ 5 ಎನ್ನುತ್ತದೆ. ಕನ್ನಡ ಪದವನ್ನು ಅಳೆಯುವಾಗ, ಕತ್ತರಿಸುವಾಗ ಈ 'ಎಂಬಿ' ಆಜ್ಞೆಗಳನ್ನೇ ಬಳಸಿ. ಇಲ್ಲವಾದರೆ ಕೊನೆಯ ಅಕ್ಷರ ಮುರಿದು ಕಪ್ಪು ಚೌಕ ಕಾಣಿಸೀತು.

7. ಮೈಎಸ್‌ಕ್ಯೂಎಲ್ ಏಳುವುದೇ ಇಲ್ಲ

ಈಗ ಸಂಘದ ಸೋದರಿಯ ಮಾತಿಗೆ ಬರೋಣ. ನಿಮ್ಮ ಲೆಕ್ಕವೆಲ್ಲ ಎಕ್ಸಾಂಪ್ ಫೋಲ್ಡರಿನೊಳಗಿನ ಮೈಎಸ್‌ಕ್ಯೂಎಲ್ ಫೋಲ್ಡರಿನಲ್ಲಿ, 'ಡೇಟಾ' ಎಂಬ ಫೋಲ್ಡರಿನಲ್ಲಿದೆ. ಎಕ್ಸಾಂಪನ್ನು ಕಿತ್ತುಹಾಕಿದರೆ ಮಗುವನ್ನೂ ಸ್ನಾನದ ನೀರಿನ ಜೊತೆ ಬಚ್ಚಲಿಗೆ ಚೆಲ್ಲಿದ ಹಾಗೆ. ಹೀಗೆ ಮಾಡಿ:

ಮೊದಲು ಎಲ್ಲಕ್ಕೂ ಸ್ಟಾಪ್ ಒತ್ತಿ. ಆ 'ಡೇಟಾ' ಫೋಲ್ಡರನ್ನು ಇಡಿಯಾಗಿ ಒಂದು ಪೆನ್ ಡ್ರೈವಿಗೆ ನಕಲು ಮಾಡಿ. ಎಚ್‌ಟಿಡಾಕ್ಸನ್ನೂ ಮಾಡಿ. ಇದಾದ ಮೇಲೆಯೇ ಮುಂದಿನ ಕೆಲಸ.

ಎರಡನೆಯದಾಗಿ ಮೈಎಸ್‌ಕ್ಯೂಎಲ್ ಮುಂದಿನ ಲಾಗ್ಸ್ ನೋಡಿ. ಅದರ ಬಾಗಿಲು 3306. ಅಲ್ಲಿ ಇನ್ನೊಂದು ಮೈಎಸ್‌ಕ್ಯೂಎಲ್ ನಿಂತಿದ್ದರೆ ಅದನ್ನು ನಿಲ್ಲಿಸಿದರಾಯಿತು. ಲೆಕ್ಕಕ್ಕೆ ಏನೂ ಆಗಿಲ್ಲ.

ಅದಲ್ಲವಾದರೆ, ಲ್ಯಾಪ್‌ಟಾಪಿನಲ್ಲಿರುವ 'ಡೇಟಾ' ಫೋಲ್ಡರಿನ ಹೆಸರನ್ನು 'ಹಳೆ ಡೇಟಾ' ಎಂದು ಬದಲಿಸಿ. ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಿರಿ. ಪಕ್ಕದಲ್ಲಿ 'ಬ್ಯಾಕಪ್' ಎಂಬ ಫೋಲ್ಡರ್ ಇರುತ್ತದೆ. ಅದನ್ನು ನಕಲು ಮಾಡಿ ಆ ನಕಲಿಗೆ 'ಡೇಟಾ' ಎಂದು ಹೆಸರಿಡಿ. ಹಳೆಯದರಿಂದ ನಿಮ್ಮ ಸಂಘದ ಲೆಕ್ಕದ ಫೋಲ್ಡರು ಮತ್ತು 'ಐಬಿಡೇಟಾ1' ಎಂಬ ಕಡತ, ಇವೆರಡನ್ನು ಮಾತ್ರ ಹೊಸದಕ್ಕೆ ತನ್ನಿ. ಮೊದಲೇ ಇರುವುದರ ಮೇಲೆ ಹಾಕಲೇ ಎಂದು ಕೇಳಿದರೆ ಹೌದೆನ್ನಿ. 'ಐಬಿಡೇಟಾ1' ಬಿಟ್ಟರೆ ಕೋಷ್ಟಕಗಳ ಹೆಸರು ಕಂಡರೂ ತೆರೆಯುವುದಿಲ್ಲ. ಈಗ ಸ್ಟಾರ್ಟ್ ಒತ್ತಿ. ಬಹಳ ಸಲ ಎದ್ದು ಕೂರುತ್ತದೆ. ಎದ್ದ ಕೂಡಲೇ ಪಿಎಚ್‌ಪಿಮೈಅಡ್ಮಿನ್ ತೆರೆದು 'ಎಕ್ಸ್‌ಪೋರ್ಟ್' ಒತ್ತಿ ಲೆಕ್ಕವನ್ನೆಲ್ಲ ಒಂದು ಕಡತಕ್ಕೆ ಇಳಿಸಿಕೊಳ್ಳಿ. ಏಳದಿದ್ದರೂ ಚಿಂತೆಯಿಲ್ಲ. ಪೆನ್ ಡ್ರೈವಿನ ನಕಲು ಇದೆ, ಬಲ್ಲವರಿಗೆ ತೋರಿಸಬಹುದು.

ಮುಂದೆ ಹೀಗಾಗದಿರಲು ಎರಡು ಅಭ್ಯಾಸ. ಲ್ಯಾಪ್‌ಟಾಪ್ ಮುಚ್ಚುವ ಮೊದಲು ಸ್ಟಾಪ್ ಒತ್ತಿ. ಒಲೆ ಆರಿಸದೆ ಮನೆಗೆ ಬೀಗ ಹಾಕುತ್ತೇವೆಯೇ? ಸಂಘದ ಸಭೆ ಮುಗಿದ ದಿನವೇ ಒಂದು 'ಎಕ್ಸ್‌ಪೋರ್ಟ್' ಮಾಡಿ ಬೇರೆ ಕಡೆ ಇಡಿ. ಕೈಬರಹದ ಪುಸ್ತಕವನ್ನೂ ಬಿಡಬೇಡಿ. ಒಬ್ಬೊಬ್ಬರೂ ಕೂಲಿಯಿಂದ, ಹಾಲು ಮಾರಿದ ಹಣದಿಂದ ಉಳಿಸಿದ ಕಾಸು ಅದು. "ಲೆಕ್ಕ ಕಂಪ್ಯೂಟರಲ್ಲಿ ಹೋಯ್ತು" ಎಂದರೆ ಯಾರು ಒಪ್ಪುತ್ತಾರೆ? ಯಂತ್ರ ಕೆಟ್ಟರೆ ರಿಪೇರಿಯಾಗುತ್ತದೆ, ನಂಬಿಕೆ ಕೆಟ್ಟರೆ ಕಷ್ಟ.

ಊರಿಗೆಲ್ಲ ತೆರೆಯುವ ಮುನ್ನ

ಎಕ್ಸಾಂಪಿನಲ್ಲಿ ಉಗ್ರಾಣದ ಯಜಮಾನನ ಹೆಸರು 'ರೂಟ್', ಪಾಸ್‌ವರ್ಡ್ ಖಾಲಿ. ಮನೆಯೊಳಗೆ ಕಲಿಯಲು ಇದು ಸರಿ. ಹೀಗೇ ಅಂತರ್ಜಾಲಕ್ಕೆ ಏರಿಸಿದರೆ ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದಂತೆ. ಎಕ್ಸಾಂಪ್ ಕಲಿಯುವುದಕ್ಕೇ ಹೊರತು ಊರಿಗೆ ಬಡಿಸುವುದಕ್ಕಲ್ಲ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ. ಹೆಂಗಸರ ಫೋನ್ ನಂಬರು, ಆಧಾರ್, ಸಾಲದ ವಿವರ ಇರುವ ಪುಟವಂತೂ ಬಲ್ಲವರು ಪರೀಕ್ಷಿಸದೆ ಹೊರಗೆ ಹೋಗಕೂಡದು.

ಗಿರಾಕಿ ಬರೆದದ್ದನ್ನು ಹಾಗೇ ಉಗ್ರಾಣದ ಆಜ್ಞೆಗೆ ಅಂಟಿಸಬೇಡಿ. "ಒಂದು ಕೆಜಿ ಸಕ್ಕರೆ, ಆಮೇಲೆ ಗಲ್ಲಾ ಪೆಟ್ಟಿಗೆ ಬೀಗ ತೆಗೆ" ಎಂದು ಚೀಟಿ ಬರೆದು ಕೊಟ್ಟರೆ ಹುಡುಗ ಎರಡನ್ನೂ ಮಾಡಿದ ಹಾಗಾಗುತ್ತದೆ. ಕಳ್ಳನೇ ಬರಬೇಕೆಂದಿಲ್ಲ. ಮಂಗಳೂರಿನ ಡಿ'ಸೋಜಾ ಬಾಯಿಯವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಸಾಕು, ನಡುವಿನ ಆ ಒಂದು ಚಿಹ್ನೆಗೆ ನಿಮ್ಮ ಆಜ್ಞೆ ಮುರಿದು ಬೀಳುತ್ತದೆ. 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಎಂಬ ಕ್ರಮ ಬಳಸಿದರೆ ಚೀಟಿಯಲ್ಲಿ ಏನೇ ಬರೆದಿದ್ದರೂ ಅದು ಹೆಸರಾಗಿಯೇ ಉಳಿಯುತ್ತದೆ, ಆಜ್ಞೆಯಾಗುವುದಿಲ್ಲ. ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಮನೆಯಲ್ಲಿ ಓಡುವ ಪುಟ ಹೊರಗೆ 'ಕಡತ ಇಲ್ಲ' ಎಂದರೆ ಕಡತದ ಹೆಸರಿನ ಅಕ್ಷರ ನೋಡಿ. ವಿಂಡೋಸಿಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಒಂದೇ. ಹೊರಗಿನ ಸರ್ವರುಗಳಲ್ಲಿ ಹೆಚ್ಚಾಗಿ ಇರುವ ಲಿನಕ್ಸಿಗೆ ಬೇರೆ ಬೇರೆ. ಎಲ್ಲ ಹೆಸರನ್ನೂ ಸಣ್ಣ ಅಕ್ಷರದಲ್ಲೇ ಇಟ್ಟರೆ ಈ ರಗಳೆಯೇ ಇಲ್ಲ.

ನೆನಪಿಡಿ

• ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನೋಡಿ. ಉಪ್ಪು, ಹುಳಿ, ಖಾರ ಒಟ್ಟಿಗೆ ಸುರಿದರೆ ಯಾವುದು ಹೆಚ್ಚಾಯಿತೆಂದು ತಿಳಿಯುವುದಿಲ್ಲ.
• ದೂರಿನ ಮಾತನ್ನು ಹೆದರದೆ ಪೂರ್ತಿ ಓದಿ. ಕಡತದ ಹೆಸರು, ಸಾಲಿನ ನಂಬರು ಅಲ್ಲೇ ಇರುತ್ತದೆ.
• ಅಳಿಸುವ ಮೊದಲು ನಕಲು.

ಎಂಟು ವರ್ಷದ ನಂತರ ಕೆಲಸ ಹುಡುಕುತ್ತಿರುವ ಸೋದರಿಗೆ ಒಂದು ಮಾತು. "ದಿನಾ ತಪ್ಪೇ ಬರುತ್ತೆ" ಎಂದು ಬೇಸರಪಟ್ಟಿದ್ದೀರಿ. ಈ ಕಸುಬಿನಲ್ಲಿ ನುರಿತವರಿಗೂ ದಿನಾ ತಪ್ಪೇ ಬರುತ್ತದೆ. ಅವರು ಹುಡುಕುವ ಕ್ರಮ ಕಲಿತಿರುತ್ತಾರೆ, ಅಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ದೂರು ಒಂದು ಕಡೆ, ಪರಿಹಾರ ಇನ್ನೊಂದು ಕಡೆ ಬರೆದಿಡಿ. ಸಂದರ್ಶನದಲ್ಲಿ "ಎಂಟು ವರ್ಷ ಏನು ಮಾಡಿದಿರಿ?" ಎಂದು ಕೇಳಿದರೆ ತಡವರಿಸಬೇಡಿ. ಆ ನೋಟ್‌ಬುಕ್ಕನ್ನು ಮೇಜಿನ ಮೇಲಿಡಿ.

ಪತ್ರ ಬರೆಯುವವರು "ಬರ್ತಾ ಇಲ್ಲ" ಎಂದಷ್ಟೇ ಬರೆಯದೆ ಯಂತ್ರ ಹೇಳಿದ ಮಾತನ್ನು ಅಕ್ಷರಶಃ ನಕಲು ಮಾಡಿ, ಅದಕ್ಕೆ ಮೊದಲು ಏನು ಬದಲಿಸಿದಿರಿ ಎಂದೂ ತಿಳಿಸಿ. ಪಾಸ್‌ವರ್ಡ್ ಮಾತ್ರ ಯಾರಿಗೂ, ನಮಗೂ, ಬರೆಯಬೇಡಿ.

ಮುಂದಿನ ಸಂಚಿಕೆಯಲ್ಲಿ: ಲಾಗಿನ್ ಪುಟ ಮಾಡುವುದು ಹೇಗೆ, ಪಾಸ್‌ವರ್ಡನ್ನು ಉಗ್ರಾಣದಲ್ಲಿ ಇಡುವ ಸರಿಯಾದ ವಿಧಾನ.